ಗೋವಿನಜೋಳದ ಚೀಲ ಯಾಕೆ ಹರಿಯುತ್ತೆ? ಹಸಿರು ಕ್ಯಾರಿಬ್ಯಾಗ್ ತರುವ ಮುಂಚೆ ಅಂಗಡಿಯವರು ತಿಳಿದಿರಬೇಕಾದ್ದು

ಅಕ್ಕಿಆಲೂರು: ಎರಡು ಕೆಜಿ ಸಕ್ಕರೆ, ಒಂದು ಕೆಜಿ ತೊಗರಿಬೇಳೆ, ಅರ್ಧ ಕೆಜಿ ಶೇಂಗಾ. ಕಿರಾಣಿ ಅಂಗಡಿಯವರು ಎಲ್ಲಾನೂ ಹಸಿರು ಬಣ್ಣದ ಒಂದು ಕ್ಯಾರಿಬ್ಯಾಗಿಗೆ ಹಾಕಿ ಕೊಟ್ಟರು. ಗಿರಾಕಿ ರಸ್ತೆ ದಾಟಿ ಗಾಡಿಯ ಹುಕ್ಕಿಗೆ ಚೀಲ ಸಿಕ್ಕಿಸಿದ್ದೇ ತಡ, ಹಿಡಿಕೆ ಹರಿದು ಪೊಟ್ಟಣ ಒಡೆದು ಬೇಳೆ ಪೂರ್ತಿ ಡಾಂಬರಿನ ಮೇಲೆ. ಬೈಸಿಕೊಂಡಿದ್ದು ಅಂಗಡಿಯವರು.

"ಏನ್ ಮಾಡ್ಲಿ ತಮ್ಮಾ? ಪ್ಲಾಸ್ಟಿಕ್ ಕೊಟ್ರ ದಂಡ ಹಾಕ್ತಾರ. ಗೋವಿನಜೋಳದ್ದು ಅಂತ ರೊಕ್ಕ ಜಾಸ್ತಿ ಕೊಟ್ಟು ತಂದ್ರ ಇದು ಹಿಂಗ ಹರೀತೈತಿ. ಖರೇನ ಇದು ಗೋವಿನಜೋಳದ್ದ ಐತೇನು?" ಅಂತ ನನ್ನನ್ನೇ ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಉತ್ತರ ಹುಡುಕುತ್ತಾ ಹೋದರೆ ಚೀಲದ ಒಳಗಿನ ಪಿಷ್ಟದ ಕಣದವರೆಗೆ ಹೋಗಬೇಕಾಗುತ್ತೆ.

ಮೊದಲು ಕಾನೂನಿನ ಮಾತು ಮುಗಿಸೋಣ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ತಟ್ಟೆ, ಲೋಟ, ಚಮಚ, ಬ್ಯಾನರ್, ಊಟದ ಟೇಬಲ್ಲಿಗೆ ಹಾಸುವ ಹಾಳೆ ಎಲ್ಲಾ ನಿಷೇಧ ಮಾಡಿ ಅಧಿಸೂಚನೆ ಹೊರಡಿಸಿದೆ. ಕೇಂದ್ರ ಸರ್ಕಾರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಕೇಂದ್ರದ ನಿಯಮದಲ್ಲಿ ಒಂದು ವಿನಾಯಿತಿ ಇದೆ. ಕಾಂಪೋಸ್ಟ್ ಆಗುವ, ಅಂದರೆ ಗೊಬ್ಬರದ ಗುಂಡಿಯಲ್ಲಿ ಕರಗುವ ಪ್ಲಾಸ್ಟಿಕ್ಕಿಗೆ ಈ ನಿಷೇಧ ಅನ್ವಯ ಆಗಲ್ಲ. ಆದರೆ ಅದನ್ನು ತಯಾರಿಸುವವರು, ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಮೊದಲೇ ಸರ್ಟಿಫಿಕೇಟ್ ಪಡೆದಿರಬೇಕು. ಈ ವಿನಾಯಿತಿಯ ಬಾಗಿಲಿನಿಂದಲೇ "ಗೋವಿನಜೋಳದ ಚೀಲ", "ಆಲೂಗಡ್ಡೆ ಚೀಲ", "ಇಕೋ ಬ್ಯಾಗ್" ಎಲ್ಲಾ ನಮ್ಮ ಅಂಗಡಿಗಳಿಗೆ ಬರ್ತಿರೋದು. ಅವುಗಳಲ್ಲಿ ಖರೆ ಯಾವುದು, ಖೋಟಾ ಯಾವುದು ಅನ್ನೋದು ಬಣ್ಣ ನೋಡಿ ಗೊತ್ತಾಗಲ್ಲ.

ನಮ್ಮ ಜೋಳ ಪಿಷ್ಟ ಆಗೋದು ಇಲ್ಲೇ ಪಕ್ಕದಲ್ಲಿ

ಹಾನಗಲ್, ಶಿಗ್ಗಾವಿ, ಸವಣೂರ, ಹಿರೇಕೆರೂರ ಕಡೆ ಮುಂಗಾರಿನಲ್ಲಿ ಎತ್ತ ನೋಡಿದರೂ ಗೋವಿನಜೋಳ. ಅದು ಕೋಳಿ ಆಹಾರಕ್ಕೆ ಹೋಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಇನ್ನೊಂದು ದೊಡ್ಡ ಪಾಲು ಪಿಷ್ಟದ ಕಾರ್ಖಾನೆಗೆ ಹೋಗುತ್ತೆ. ಶಿಗ್ಗಾವಿ ತಾಲೂಕಿನ ಹುಲಸೋಗಿ ಹತ್ತಿರ ಹೆದ್ದಾರಿ ಪಕ್ಕ ಗುಜರಾತ್ ಅಂಬುಜಾ ಎಕ್ಸ್‌ಪೋರ್ಟ್ಸ್ ಕಂಪನಿಯ ಗೋವಿನಜೋಳ ಸಂಸ್ಕರಣಾ ಘಟಕ ಇದೆ. ಹುಬ್ಬಳ್ಳಿಗೆ ಓಡಾಡುವವರು ಅದನ್ನು ನೋಡೇ ಇರ್ತೀರಿ. ದಾವಣಗೆರೆಯಲ್ಲಿ, ಗೋಕಾಕದಲ್ಲಿ ಕೂಡ ಇಂಥ ಕಾರ್ಖಾನೆಗಳಿವೆ.

ಅಲ್ಲಿ ಆಗುವ ಕೆಲಸ ಮೂಲದಲ್ಲಿ ಸರಳ. ಕಾಳನ್ನು ಗಂಧಕದ ಅನಿಲ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಒಂದೂವರೆ ಎರಡು ದಿನ ನೆನೆಸ್ತಾರೆ. ಆಮೇಲೆ ಒಡೆದು ಮೊಳಕೆ ಭಾಗ ಬೇರೆ ಮಾಡ್ತಾರೆ, ಅದರಿಂದ ಎಣ್ಣೆ. ಸಿಪ್ಪೆ, ಪ್ರೋಟೀನ್ ಬೇರೆ ಮಾಡಿದರೆ ಅದು ದನಕ್ಕೆ, ಕೋಳಿಗೆ. ಉಳಿಯೋದು ಬೆಳ್ಳನೆ ಪುಡಿ, ಅದೇ ಪಿಷ್ಟ. ಒಂದು ಕ್ವಿಂಟಲ್ ಕಾಳಿಗೆ ಸುಮಾರು 60 ರಿಂದ 65 ಕೆಜಿ ಪಿಷ್ಟ ಸಿಗುತ್ತೆ. ಈ ಪಿಷ್ಟ ಬಟ್ಟೆ ಗಿರಣಿಗೆ, ಕಾಗದದ ಕಾರ್ಖಾನೆಗೆ, ಔಷಧ ಗುಳಿಗೆಗೆ, ಬಿಸ್ಕೀಟಿಗೆ, ಸಾಸಿಗೆ ಹೋಗುತ್ತೆ. ಚೀಲಕ್ಕೆ ಹೋಗೋದು ಅದರಲ್ಲಿ ಸಣ್ಣ ಭಾಗ.

ಮನೆಯಲ್ಲೇ ಮಾಡಿ ನೋಡಿದೆ

ಪಿಷ್ಟದಿಂದ ಪ್ಲಾಸ್ಟಿಕ್ ಆಗುತ್ತಾ ಅನ್ನೋ ಅನುಮಾನ ಇದ್ದವರು ಸಂಡಿಗೆ ಇಡೋದನ್ನು ನೆನಪು ಮಾಡಿಕೊಳ್ಳಿ. ಅಕ್ಕಿ ಹಿಟ್ಟು ಕುದಿಸಿ, ತೆಳ್ಳಗೆ ಹರವಿ ಬಿಸಿಲಿಗೆ ಇಟ್ಟರೆ ಗಾಜಿನಂಥ ಹಾಳೆ ಆಗುತ್ತೆ. ಬೆಳಕಿಗೆ ಹಿಡಿದರೆ ಅರೆಪಾರದರ್ಶಕ. ಮಡಚಿದರೆ ಪಟ್ ಅಂತ ಮುರಿಯುತ್ತೆ. ಅದೊಂದು ಮೆದುಗೊಳಿಸದ ಪಿಷ್ಟದ ಹಾಳೆ.

ಮೆದು ಮಾಡೋಕೆ ಗ್ಲಿಸರಿನ್ ಬೇಕು, ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ. ಒಂದು ಚಮಚ ಕಾರ್ನ್‌ಫ್ಲೋರ್, ನಾಲ್ಕು ಚಮಚ ನೀರು, ಅರ್ಧ ಚಮಚ ಗ್ಲಿಸರಿನ್, ಅರ್ಧ ಚಮಚ ವಿನೆಗರ್. ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದೆ. ಹಾಲಿನಂತಿದ್ದ ನೀರು ಒಮ್ಮೆಲೇ ಗಟ್ಟಿಯಾಗಿ ಪಾರದರ್ಶಕ ಆಯ್ತು. ಸುಮಾರು 65, 70 ಡಿಗ್ರಿ ಶಾಖಕ್ಕೆ ಪಿಷ್ಟದ ಕಣ ನೀರು ಕುಡಿದು ಊದಿ ಒಡೆಯುತ್ತೆ, ಅದೇ ಹೊತ್ತು ಅದು. ಸ್ಟೀಲ್ ತಟ್ಟೆ ಮೇಲೆ ಹರವಿ ಎರಡು ದಿನ ಬಿಟ್ಟೆ. ಬಗ್ಗುವ, ಎಳೆದರೆ ಸ್ವಲ್ಪ ಜಗ್ಗುವ ಹಾಳೆ ಸಿಕ್ತು. ಅವ್ವ "ಇದೇನು ಹುಚ್ಚಾಟ" ಅಂದಳು. ನನಗಂತೂ ಖುಷಿ ಆಯ್ತು.

ಖುಷಿ ಒಂದು ವಾರ ಉಳೀಲಿಲ್ಲ. ಮಳೆ ಹಿಡಿದ ದಿನ ಆ ಹಾಳೆ ಬೆವೆತ ಹಾಗೆ ಜಿಗುಟು ಜಿಗುಟು. ಬಿಸಿಲು ಬಿದ್ದ ಮೇಲೆ ಒರಟಾಗಿ, ಮಡಚಿದಲ್ಲಿ ಬಿರುಕು. ನೀರಿನ ಲೋಟಕ್ಕೆ ಹಾಕಿದ ತುಂಡು ಊದಿ ಲೋಳೆ ಆಗಿ ಹೋಯ್ತು.

ಈ ಎರಡು ಕಾಟ ನಮ್ಮ ಅಡಿಗೆಮನೆಗೆ ಹೊಸದಲ್ಲ. ಎಸರು ಹಾಕಿ ನಾದಿದ ಜೋಳದ ಹಿಟ್ಟು ಬಿಸಿ ಇದ್ದಾಗ ಬಡಿಯೋಕೆ ಬರುತ್ತೆ, ಜಿಗಿ ಇರುತ್ತೆ. ಅದೇ ರೊಟ್ಟಿ ಮರುದಿನಕ್ಕೆ ಕಟಕ್. ಒಡೆದು ಬಿಡಿಯಾಗಿದ್ದ ಪಿಷ್ಟದ ಎಳೆಗಳು ತಣ್ಣಗಾದ ಮೇಲೆ ದಿನ ಕಳೆದಂತೆ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. ಅನ್ನ ರಾತ್ರಿ ಉಳಿದರೆ ಗಟ್ಟಿಯಾಗೋದೂ ಇದೇ ಕಾರಣಕ್ಕೆ. ಸೀರೆಗೆ ಗಂಜಿ ಹಾಕಿದರೆ ಗರಿಗರಿ ಆಗುತ್ತೆ, ನೀರು ಬಿದ್ದರೆ ಸೋತು ಬೀಳುತ್ತೆ. ಇಂಥ ಪದಾರ್ಥದಲ್ಲಿ ಬರೀ ಅದನ್ನೇ ಬಳಸಿ ಕ್ಯಾರಿಬ್ಯಾಗ್ ಮಾಡೋದು ಆಗದ ಮಾತು. ಹಾನಗಲ್ಲಿನ ಜುಲೈ ತಿಂಗಳ ಮಳೆಗೆ ಅಂತೂ ಆಗೋದೇ ಇಲ್ಲ.

ಅದಕ್ಕೇ ಬೆರಕೆ

ಹೀಗಾಗಿ ಮಾರುಕಟ್ಟೆಯಲ್ಲಿ "ಗೋವಿನಜೋಳದ್ದು" ಅಂತ ಬರುವ ಒಳ್ಳೆಯ ಚೀಲ ಕೂಡ ಪೂರ್ತಿ ಜೋಳದ್ದಲ್ಲ. ಅದು ಬೆರಕೆ. ಪಿಷ್ಟದ ಜೊತೆ ಮಣ್ಣಿನಲ್ಲಿ ಕರಗಬಲ್ಲ ಇನ್ನೊಂದು ಪ್ಲಾಸ್ಟಿಕ್ ಸೇರಿಸಿರ್ತಾರೆ. ಹೆಚ್ಚಾಗಿ ಎರಡು ಹೆಸರು ಕೇಳಿ ಬರುತ್ತೆ: ಪಿಬಿಎಟಿ, ಪಿಎಲ್ಎ. ಪಿಬಿಎಟಿ ಹೆಚ್ಚಾಗಿ ಪೆಟ್ರೋಲಿಯಂ ಮೂಲದ್ದೇ, ಆದರೆ ಅದರ ಸರಪಳಿಯನ್ನು ಸೂಕ್ಷ್ಮಾಣುಗಳು ಕಡಿಯಬಲ್ಲವು. ಚೆನ್ನಾಗಿ ಜಗ್ಗುತ್ತೆ. ಪಿಎಲ್ಎ ಅನ್ನೋದು ಜೋಳ ಅಥವಾ ಕಬ್ಬಿನ ಸಕ್ಕರೆ ಹುಳಿಸಿ, ಅದರಿಂದ ಬರುವ ಲ್ಯಾಕ್ಟಿಕ್ ಆಮ್ಲದಿಂದ ಮಾಡಿದ್ದು. ಗಟ್ಟಿ, ಆದರೆ ಪೆಡಸು. 60 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ. ಪಿಎಲ್ಎ ಲೋಟಕ್ಕೆ ಕುದಿಯುವ ಚಹಾ ಹಾಕಬಾರದು ಅನ್ನೋದು ಇದಕ್ಕೇ.

ಪಿಷ್ಟ ಅಗ್ಗ, ಆ ಪ್ಲಾಸ್ಟಿಕ್ ತುಟ್ಟಿ. ಹಾಗಾಗಿ ಪಿಷ್ಟ ಎಷ್ಟು ಹೆಚ್ಚು ಸೇರಿಸಿದರೆ ಅಷ್ಟು ಲಾಭ ಅಂತ ಅನ್ನಿಸುತ್ತೆ. ಅಲ್ಲೇ ತೊಂದರೆ ಶುರು. ಪಿಷ್ಟ ನೀರಿನ ಸ್ನೇಹಿತ, ಪ್ಲಾಸ್ಟಿಕ್ ಎಣ್ಣೆ ಜಾತಿಯದು. ಎರಡನ್ನೂ ಕರಗಿಸಿ ತಿರುವಿದರೂ ಒಂದಕ್ಕೊಂದು ಅಂಟಲ್ಲ. ಹಸಿ ಪಿಷ್ಟದ ಕಣ ಪ್ಲಾಸ್ಟಿಕ್ಕಿನ ಒಳಗೆ ಧೂಳು ಹತ್ತಿದ ಜಲ್ಲಿ ಇದ್ದ ಹಾಗೆ. ಸಿಮೆಂಟು ಜಲ್ಲಿಯನ್ನು ಹಿಡಿಯದಿದ್ದರೆ ಸ್ಲ್ಯಾಬ್ ಏನಾಗುತ್ತೆ ಅನ್ನೋದು ಗೌಂಡಿಗಳಿಗೆ ಕೇಳಿ.

ಗಾತ್ರದ್ದೂ ಒಂದು ಲೆಕ್ಕ ಇದೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಅಂತಾರೆ. ಗೋವಿನಜೋಳದ ಪಿಷ್ಟದ ಕಣ ಸುಮಾರು 5 ರಿಂದ 20 ಮೈಕ್ರಾನ್. ಆಲೂಗಡ್ಡೆಯದು ದೊಡ್ಡದು, 100 ಮೈಕ್ರಾನ್‌ವರೆಗೂ ಇರುತ್ತೆ. ಅಕ್ಕಿಯದು ಎಲ್ಲಕ್ಕಿಂತ ಸಣ್ಣ, 3 ರಿಂದ 8 ಮೈಕ್ರಾನ್. (ಅಕ್ಕಿ ಹೆಸರಿನ ನಮ್ಮೂರಿಗೆ ಇದು ಹೆಮ್ಮೆಯ ವಿಷಯವೇ. ಆದರೆ ಅಕ್ಕಿ ಪಿಷ್ಟ ತುಟ್ಟಿ, ಚೀಲಕ್ಕೆ ಯಾರೂ ಹಾಕಲ್ಲ.) ಈಗ ಚೀಲದ ಹಾಳೆಯ ದಪ್ಪ 30 ಮೈಕ್ರಾನ್ ಅಂತ ಇಟ್ಟುಕೊಳ್ಳಿ. ಅದರಲ್ಲಿ 20 ಮೈಕ್ರಾನಿನ ಒಂದು ಕಣ ಕೂತರೆ ಹಾಳೆಯ ಮೂರರಲ್ಲಿ ಎರಡು ಪಾಲು ಜಾಗ ಅದೇ ತಿಂದ ಹಾಗಾಯ್ತು. ಸುತ್ತ ಪ್ಲಾಸ್ಟಿಕ್ ಸರಿಯಾಗಿ ಅಂಟಿಲ್ಲ ಅಂದ್ರೆ ಅಲ್ಲೊಂದು ಸಣ್ಣ ತೂತು ಇದ್ದಂತೆ. ಎರಡು ಕೆಜಿ ಸಕ್ಕರೆ ಎತ್ತಿದಾಗ ಹರಿಯೋದು ಆ ಜಾಗದಿಂದಲೇ.

ಕಣವನ್ನು ಪಳಗಿಸೋದು

ವಿಜ್ಞಾನಿಗಳು ಐವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿರೋದು ಈ ಅಂಟಿನ ವಿಷಯಕ್ಕೆ. ದಾರಿ ಹಲವು ಇವೆ.

ಒಂದು, ಕಣವನ್ನು ಪೂರ್ತಿ ಒಡೆದು ಬಿಡೋದು. ನಾನು ಗ್ಲಿಸರಿನ್ ಹಾಕಿ ಮಾಡಿದ್ದನ್ನೇ ಕಾರ್ಖಾನೆಯಲ್ಲಿ ಬಿಸಿ ಸ್ಕ್ರೂ ಯಂತ್ರದಲ್ಲಿ ಒತ್ತಡ ಕೊಟ್ಟು ಮಾಡ್ತಾರೆ. ಶ್ಯಾವಿಗೆ ಒತ್ತುವ ಮಣೆಯ ದೊಡ್ಡಣ್ಣ ಅಂದುಕೊಳ್ಳಿ. ಹೊರಗೆ ಬರುವಾಗ ಪಿಷ್ಟ ಪ್ಲಾಸ್ಟಿಕ್ಕಿನ ಹಾಗೆ ಹರಿಯುತ್ತೆ. ಆಗ ಅದನ್ನು ಪಿಬಿಎಟಿ ಜೊತೆ ಬೆರೆಸೋದು ಸುಲಭ. ಇವತ್ತಿನ ಹೆಚ್ಚಿನ ಪಿಷ್ಟದ ಚೀಲಗಳ ಬುನಾದಿ ಇದೇ.

ಎರಡನೇದು ಪಿಷ್ಟದ ಗುಣವನ್ನೇ ಬದಲಿಸೋದು. ಪಿಷ್ಟದ ಉದ್ದ ಸರಪಳಿಯ ಮೈ ತುಂಬಾ ಸಣ್ಣ ಸಣ್ಣ ಕೈಗಳಿವೆ, ರಸಾಯನಶಾಸ್ತ್ರದಲ್ಲಿ ಹೈಡ್ರಾಕ್ಸಿಲ್ ಅಂತಾರೆ. ನೀರು ಹಿಡಿಯೋದು ಈ ಕೈಗಳೇ. ಅಸೆಟಿಕ್ ಅನ್‌ಹೈಡ್ರೈಡ್‌ನಂಥ ರಾಸಾಯನಿಕದಿಂದ ಆ ಕೈಗಳಲ್ಲಿ ಕೆಲವಕ್ಕೆ ಎಣ್ಣೆ ಜಾತಿಯ ಟೋಪಿ ತೊಡಿಸ್ತಾರೆ. ಟೋಪಿ ಹಾಕಿದ ಕೈ ನೀರು ಹಿಡಿಯಲ್ಲ, ಪಕ್ಕದ ಪ್ಲಾಸ್ಟಿಕ್ಕಿನ ಜೊತೆ ಹೊಂದಿಕೊಳ್ಳುತ್ತೆ. ಇಂಥದ್ದಕ್ಕೆ ಮಾರ್ಪಡಿಸಿದ ಪಿಷ್ಟ, ಮಾಡಿಫೈಡ್ ಸ್ಟಾರ್ಚ್ ಅಂತ ಹೆಸರು. ಇದೇನೋ ದೂರದ ವಸ್ತು ಅಂತ ತಿಳೀಬೇಡಿ. ನಿಮ್ಮ ಅಂಗಡಿಯ ಸಾಸ್ ಬಾಟಲಿ, ಸೂಪ್ ಪಾಕೀಟಿನ ಹಿಂದೆ ನೋಡಿ, 1422 ಅಥವಾ 1442 ಅನ್ನೋ ಸಂಖ್ಯೆ ಎಲ್ಲೋ ಕಾಣುತ್ತೆ. ಅವು ಮಾರ್ಪಡಿಸಿದ ಪಿಷ್ಟಗಳೇ. ತಿನ್ನೋದಕ್ಕೆ ಬಳಸುವ ಜಾತಿ ಬೇರೆ, ಚೀಲದ್ದು ಬೇರೆ, ಕಸುಬು ಒಂದೇ.

ಮೂರನೇದು ನಡುವೆ ಒಬ್ಬ ದಲ್ಲಾಲಿಯನ್ನು ಕೂರಿಸೋದು. ಮಲೇಯಿಕ್ ಅನ್‌ಹೈಡ್ರೈಡ್ ಅನ್ನೋ ಪದಾರ್ಥವನ್ನು ಪ್ಲಾಸ್ಟಿಕ್ಕಿನ ಸರಪಳಿಗೆ ಕಟ್ಟಿ ಬೆರಕೆಗೆ ಸ್ವಲ್ಪ ಹಾಕ್ತಾರೆ. ಅದು ಒಂದು ಕೈಲಿ ಪಿಷ್ಟವನ್ನು, ಇನ್ನೊಂದು ಕೈಲಿ ಪ್ಲಾಸ್ಟಿಕ್ಕನ್ನು ಹಿಡಿದು ನಿಲ್ಲುತ್ತೆ. ಎಪಿಎಂಸಿಯ ದಲ್ಲಾಲಿಗಿಂತ ಇವನು ವಾಸಿ, ನೂರಕ್ಕೆ ಕೆಲವೇ ಪಾಲಿನಲ್ಲಿ ಕೆಲಸ ಮುಗಿಸ್ತಾನೆ.

ನಾಲ್ಕನೇದು ಈಚೆಗೆ ಹೆಚ್ಚು ಸಂಶೋಧನೆ ಆಗ್ತಿರುವ ದಾರಿ, ಕಣವನ್ನೇ ಅತಿ ಸಣ್ಣದು ಮಾಡೋದು. ಪಿಷ್ಟವನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ 40 ಡಿಗ್ರಿಯಲ್ಲಿ ಸುಮಾರು ಐದು ದಿನ ಇಟ್ಟರೆ ಕಣದ ಮೆತ್ತಗಿನ ಭಾಗ ಕರಗಿ ಹೋಗಿ ಗಟ್ಟಿ ಹರಳುಗಳು ಮಾತ್ರ ಉಳಿಯುತ್ತವೆ. ಅವು ಚಪ್ಪಟೆ ಬಿಲ್ಲೆಗಳ ಹಾಗೆ, ದಪ್ಪ ಒಂದು ಮೈಕ್ರಾನಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಇಂಥ ಪುಡಿಯನ್ನು ನೂರಕ್ಕೆ ಮೂರೋ ಐದೋ ಪಾಲು ಸೇರಿಸಿದರೂ ಹಾಳೆ ಬಿಗಿಯಾಗುತ್ತೆ ಅಂತ ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಒಂದು ದೊಡ್ಡ ಕಲ್ಲನ್ನು ಪುಡಿ ಮಾಡಿದರೆ ಒಟ್ಟು ಮೈ ಹೆಚ್ಚಾಗುತ್ತೆ, ಅಂಟೋಕೆ ಜಾಗ ಹೆಚ್ಚು ಸಿಗುತ್ತೆ. ಜೊತೆಗೆ ಗಾಳಿ, ತೇವ ಹಾಳೆಯ ಒಳಗೆ ನೇರ ನುಗ್ಗೋ ಬದಲು ಬಿಲ್ಲೆಗಳ ನಡುವೆ ಸುತ್ತಿ ಬಳಸಿ ಹೋಗಬೇಕಾಗುತ್ತೆ.

ಹಾಗಾದ್ರೆ ಎಲ್ಲರೂ ಇದನ್ನೇ ಯಾಕೆ ಮಾಡಲ್ಲ? ಅಂಬಲಿ ಕಾಸಿದವರಿಗೆ ಗೊತ್ತು, ಹಿಟ್ಟನ್ನು ಒಮ್ಮೆಲೇ ಬಿಸಿನೀರಿಗೆ ಸುರಿದರೆ ಗಂಟು. ಅತಿ ಸಣ್ಣ ಕಣಗಳೂ ಹಾಗೇ, ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಗಂಟು ಕಟ್ಟಿದರೆ ಮತ್ತೆ ಹಳೇ ಜಲ್ಲಿ ಕಥೆಯೇ. ಅದಕ್ಕೆ ಸಣ್ಣ ಕಣಕ್ಕೂ ಮೇಲೊಂದು ಟೋಪಿ ತೊಡಿಸಬೇಕು. ಆಮ್ಲ, ಐದು ದಿನ, ತೊಳೆಯೋ ನೀರು ಎಲ್ಲಾ ಸೇರಿ ಖರ್ಚು ಏರುತ್ತೆ. ಎರಡು ರೂಪಾಯಿ ಚೀಲಕ್ಕೆ ಅಷ್ಟು ಕೆಲಸ ಯಾರೂ ಮಾಡಲ್ಲ.

ಇನ್ನೊಂದು ಮಾತು ಈ ಚೀಲ ಮಾರುವವರು ಸಾಮಾನ್ಯವಾಗಿ ಹೇಳಲ್ಲ. ಪಿಷ್ಟಕ್ಕೆ ಟೋಪಿ ಹೆಚ್ಚು ಹಾಕಿದಷ್ಟೂ ಅದು ನೀರಿಗೆ ಜಗ್ಗಲ್ಲ ನಿಜ, ಆದರೆ ಸೂಕ್ಷ್ಮಾಣುಗಳಿಗೂ ಅದು ಸುಲಭದ ತುತ್ತಾಗಿ ಉಳಿಯಲ್ಲ. ಅತಿಯಾಗಿ ಮಾರ್ಪಡಿಸಿದ ಪಿಷ್ಟ ಕೊಳೆಯೋದು ನಿಧಾನ. ಅಂಗಡಿಯಿಂದ ಮನೆ ಮುಟ್ಟುವವರೆಗೆ ಗಟ್ಟಿ ಇರಬೇಕು, ತಿಪ್ಪೆಗೆ ಬಿದ್ದ ಮೇಲೆ ಬೇಗ ಕರಗಬೇಕು. ಎರಡರ ನಡುವಿನ ಹದ ಹಿಡಿಯೋದೇ ಚೀಲ ತಯಾರಿಸುವವರ ಜಾಣತನ.

ಪಾಲಿಥೀನಿಗೆ ಪಿಷ್ಟ ಬೆರೆಸಿದ ಹಳೇ ಆಟ

ಪಿಷ್ಟದ ಕಣಕ್ಕೆ ನೀರು ಹಿಡಿಯದ ಲೇಪ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಬೆರೆಸುವ ಕೆಲಸವನ್ನು 1970ರ ದಶಕದಲ್ಲೇ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಗ್ರಿಫಿನ್ ಅನ್ನುವವರು ಮಾಡಿ ಪೇಟೆಂಟ್ ಪಡೆದಿದ್ದರು. ಆದರೆ ಅವರು ಬೆರೆಸಿದ್ದು ಸಾದಾ ಪಾಲಿಥೀನಿಗೆ. ಮಣ್ಣಿಗೆ ಬಿದ್ದ ಮೇಲೆ ಸೂಕ್ಷ್ಮಾಣುಗಳು ಪಿಷ್ಟವನ್ನಷ್ಟೇ ತಿಂದು ಹೋಗುತ್ತವೆ. ಪಾಲಿಥೀನ್ ಜರಡಿಯ ಹಾಗೆ ತೂತಾಗಿ, ಚೂರು ಚೂರಾಗಿ ಉಳಿಯುತ್ತೆ. ಕಣ್ಣಿಗೆ ಕಾಣಲ್ಲ ಅಷ್ಟೇ, ಹೊಲದಲ್ಲೇ ಇರುತ್ತೆ. ದೊಡ್ಡ ಚೀಲವಾದರೆ ಆರಿಸಿ ತೆಗೀಬಹುದು, ಪುಡಿಯನ್ನು ಯಾರು ಆರಿಸ್ತಾರೆ?

ಇವತ್ತು ಕಡಿಮೆ ರೇಟಿಗೆ "ಬಯೋ" ಅಂತ ಬರುವ ಚೀಲಗಳಲ್ಲಿ ಅನುಮಾನ ಪಡಬೇಕಾದ್ದು ಇದನ್ನೇ. ಪಾಲಿಥೀನಿಗೆ ಒಂದಿಷ್ಟು ಪಿಷ್ಟ, ಒಂದಿಷ್ಟು ಸುಣ್ಣದ ಕಲ್ಲಿನ ಪುಡಿ, ಹಸಿರು ಬಣ್ಣ, ಮೇಲೊಂದು ಎಲೆ ಚಿತ್ರ. ಪುಡಿ ಹೆಚ್ಚಾದರೆ ಇಂಥ ಚೀಲ ಹರಿಯೋದೂ ಬೇಗ. ಅಂದರೆ ಚೀಲ ಹರೀತು ಅಂದ ಮಾತ್ರಕ್ಕೆ ಅದು ಅಸಲಿ ಜೋಳದ ಚೀಲ ಅಂತ ಅಲ್ಲ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಕ್ಕೆ ತಿದ್ದುಪಡಿ ತಂದು, ಜೈವಿಕವಾಗಿ ಕರಗುವ ಪ್ಲಾಸ್ಟಿಕ್ ಅಂತ ಕರೆಸಿಕೊಳ್ಳಬೇಕಾದರೆ ಸೂಕ್ಷ್ಮ ಪ್ಲಾಸ್ಟಿಕ್ ಚೂರು ಉಳಿಯಬಾರದು ಅಂತ ಹೇಳಿದ್ದು ಈ ಆಟ ತಡೆಯೋಕೇನೇ.

ನಮ್ಮ ನಾಡಿನಲ್ಲಿ ಏನೇನು ಆಗಿದೆ

2016ರ ನಿಷೇಧ ಬಂದ ವರ್ಷವೇ ಮಂಗಳೂರು ಮೂಲದ ಅಶ್ವಥ್ ಹೆಗ್ಡೆ ಅವರ ಎನ್ವಿಗ್ರೀನ್ ಕಂಪನಿ ಬೆಂಗಳೂರಿನಲ್ಲಿ ಆಲೂಗಡ್ಡೆ, ಮರಗೆಣಸು, ಗೋವಿನಜೋಳದ ಪಿಷ್ಟ, ಸಸ್ಯದ ಎಣ್ಣೆ ಬಳಸಿ ಚೀಲ ತಯಾರಿಸಿ ಸುದ್ದಿಯಾಗಿತ್ತು. ಕುದಿಯುವ ನೀರಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಕರಗುತ್ತೆ ಅಂತ ಕಂಪನಿ ಹೇಳಿದ್ದು ಆಗ ಎಲ್ಲಾ ಕಡೆ ಹರಿದಾಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂರ್ಯಸಾರಥಿ ಬೋಸ್, ಕೌಶಿಕ್ ಚಟರ್ಜಿ ಅವರ ತಂಡ ಪಿಷ್ಟ ಬಿಟ್ಟು ಬೇರೆ ದಾರಿ ಹಿಡಿದಿದೆ. ಹೊಲದಲ್ಲಿ ಸುಡುವ ಕೃಷಿ ತ್ಯಾಜ್ಯದ ಸೆಲ್ಯುಲೋಸ್ ಮತ್ತು ಔಡಲ ಎಣ್ಣೆಯಿಂದ ಏಕಬಳಕೆ ಪ್ಲಾಸ್ಟಿಕ್ಕಿಗೆ ಬದಲಿ ಮಾಡಿ ತೋರಿಸಿದೆ. ತಿನ್ನೋ ಧಾನ್ಯಕ್ಕೆ ಕೈ ಹಾಕಬಾರದು ಅನ್ನೋದು ಅದರ ಹಿಂದಿನ ಯೋಚನೆ.

ತಿರುಪತಿಗೆ ಹೋಗಿ ಬಂದವರಿಗೆ ಇನ್ನೊಂದು ನೆನಪಿರಬಹುದು. 2021ರ ಆಗಸ್ಟಿನಲ್ಲಿ ತಿರುಮಲದಲ್ಲಿ ಲಡ್ಡು ಒಯ್ಯೋಕೆ ಡಿಆರ್‌ಡಿಓದ ಹೈದರಾಬಾದ್ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ಗೋವಿನಜೋಳದ ಪಿಷ್ಟದ ಚೀಲಗಳ ಮಾರಾಟ ಶುರುವಾಯ್ತು. ಲಡ್ಡು ಜಿಡ್ಡಿನ ಪದಾರ್ಥ, ಭಾರ ಬೇರೆ. ಅದನ್ನು ಹೊರಬೇಕು ಅಂದ್ರೆ ಬೆರಕೆ ಸರಿಯಾಗೇ ಇರಬೇಕು. ಇಟಲಿಯಲ್ಲಿ 2011ರಿಂದ ಸಾದಾ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬಂದ್ ಆಗಿ, ಪಿಷ್ಟದ ಬೆರಕೆ ಚೀಲಗಳು ತರಕಾರಿ ಅಂಗಡಿಗೂ ಬಂದಿವೆ. ಅಲ್ಲಿ ಜನ ಅದೇ ಚೀಲದಲ್ಲಿ ಅಡಿಗೆಮನೆಯ ಹಸಿ ಕಸ ತುಂಬಿ ಕೊಡ್ತಾರೆ, ಅದು ಗೊಬ್ಬರದ ಘಟಕಕ್ಕೆ ಹೋಗುತ್ತೆ. ಆ ಕೊನೆಯ ಕೊಂಡಿ ನಮ್ಮಲ್ಲಿ ಇನ್ನೂ ಸರಿಯಾಗಿ ಕೂಡಿಲ್ಲ.

ಅಂಗಡಿಯಲ್ಲೇ ನೋಡಬಹುದಾದ್ದು

ಎಲ್ಲಕ್ಕಿಂತ ಮೊದಲು ಮುದ್ರಣ ನೋಡಿ. ಅಸಲಿ ಚೀಲದ ಮೇಲೆ ಕಾಂಪೋಸ್ಟೇಬಲ್ ಅನ್ನೋ ಪದ, ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸರ್ಟಿಫಿಕೇಟಿನ ಸಂಖ್ಯೆ ಇರಬೇಕು. ಸಾಮಾನ್ಯವಾಗಿ ಐಎಸ್ 17088 ಅನ್ನೋ ಮಾನಕದ ಸಂಖ್ಯೆಯೂ ಇರುತ್ತೆ. ಸರ್ಟಿಫಿಕೇಟ್ ಪಡೆದ ಕಂಪನಿಗಳ ಪಟ್ಟಿ ಮಂಡಳಿಯ ವೆಬ್‌ಸೈಟಿನಲ್ಲಿ ಇದೆ, ಮೊಬೈಲಿನಲ್ಲೇ ಹೆಸರು ತಾಳೆ ನೋಡಬಹುದು. "ಇಕೋ ಫ್ರೆಂಡ್ಲಿ", "ನೂರಕ್ಕೆ ನೂರು ಬಯೋ" ಅನ್ನೋ ಮಾತು, ಎಲೆ ಚಿತ್ರ ಯಾವುದಕ್ಕೂ ಕಾನೂನಿನಲ್ಲಿ ಬೆಲೆ ಇಲ್ಲ. ಹೋಲ್‌ಸೇಲಿನವರಿಂದ ಬಿಲ್ ಮತ್ತು ಸರ್ಟಿಫಿಕೇಟಿನ ಝೆರಾಕ್ಸ್ ಕೇಳಿ ಇಟ್ಟುಕೊಳ್ಳಿ. ತಪಾಸಣೆಗೆ ಬಂದಾಗ ತೋರಿಸೋಕೆ ಬೇರೆ ಏನೂ ಉಪಯೋಗಕ್ಕೆ ಬರಲ್ಲ.

ಎರಡನೇದು ನೀರಿನ ಪರೀಕ್ಷೆ, ರೊಕ್ಕ ಬೇಕಿಲ್ಲ. ಪಾಲಿಥೀನ್ ನೀರಿಗಿಂತ ಹಗುರ. ಲೀಟರ್ ನೀರು ಒಂದು ಕೆಜಿ ತೂಗಿದರೆ ಅಷ್ಟೇ ಗಾತ್ರದ ಪಾಲಿಥೀನ್ 920 ರಿಂದ 950 ಗ್ರಾಂ. ಪಿಬಿಎಟಿ, ಪಿಎಲ್ಎ ಎರಡೂ ಸುಮಾರು 1,250 ಗ್ರಾಂ, ಪಿಷ್ಟ ಇನ್ನೂ ಭಾರ. ಚೀಲದಿಂದ ಉಗುರಿನಷ್ಟು ತುಂಡು ಕತ್ತರಿಸಿ, ಎರಡು ಬೆರಳಿನ ನಡುವೆ ನೀರಿನಲ್ಲೇ ತಿಕ್ಕಿ ಗಾಳಿಗುಳ್ಳೆ ಬಿಡಿಸಿ, ಲೋಟದ ತಳದಲ್ಲಿ ಬಿಟ್ಟು ನೋಡಿ. ಅಸಲಿ ಬೆರಕೆ ತಳದಲ್ಲೇ ಉಳಿಯುತ್ತೆ. ಪಾಲಿಥೀನ್ ಮೇಲೆ ಬರುತ್ತೆ. ಪಾಲಿಥೀನಿಗೆ ಸ್ವಲ್ಪ ಪಿಷ್ಟ ಬೆರೆಸಿದ್ದರೂ ಲೆಕ್ಕದ ಪ್ರಕಾರ ಅದು ತೇಲುತ್ತೆ. ಒಂದು ಎಚ್ಚರಿಕೆ, ಸುಣ್ಣದ ಪುಡಿ ಬಹಳ ತುಂಬಿದ ಖೋಟಾ ಚೀಲ ಮುಳುಗಬಹುದು. ಹಾಗಾಗಿ ತೇಲಿದರೆ ಅದು ಖೋಟಾ ಅನ್ನಿ, ಮುಳುಗಿದ್ದನ್ನು ಮಾತ್ರ ತಕ್ಷಣ ಅಸಲಿ ಅನ್ನಬೇಡಿ.

ಶಾಲೆಯಲ್ಲಿ ಕಲಿತ ಅಯೋಡಿನ್ ಪರೀಕ್ಷೆ ನೆನಪಾಗಿ, ಗಾಯಕ್ಕೆ ಹಚ್ಚುವ ಟಿಂಚರ್ ಹಾಕಿ ನೀಲಿ ಬಂತು ಅಂತ ನಂಬುವವರೂ ಇದ್ದಾರೆ. ನೀಲಿ ಬಂದರೆ ಪಿಷ್ಟ ಇದೆ ಅಂತ ಅಷ್ಟೇ ಅರ್ಥ. ಅದು ಪಾಲಿಥೀನಿನಲ್ಲಿ ಬೆರೆಸಿದ ಪಿಷ್ಟವೂ ಆಗಿರಬಹುದು. ಉಲ್ಟಾ, ಪಿಷ್ಟವೇ ಇಲ್ಲದ ಪಿಬಿಎಟಿ ಚೀಲ ಅಸಲಿಯಾಗಿದ್ದರೂ ನೀಲಿ ಬರಲ್ಲ. ಈ ಪರೀಕ್ಷೆಯನ್ನು ನೆಚ್ಚಬೇಡಿ. ಬೆಂಗಳೂರಿನಂಥ ಕಡೆ ಅಧಿಕಾರಿಗಳು ಡೈಕ್ಲೋರೋಮೀಥೇನ್ ಅನ್ನೋ ದ್ರಾವಣದಲ್ಲಿ ಚೀಲ ಅದ್ದಿ ನೋಡ್ತಾರೆ, ಅಸಲಿ ಬೆರಕೆಯ ಪ್ಲಾಸ್ಟಿಕ್ ಅದರಲ್ಲಿ ಕರಗುತ್ತೆ, ಪಾಲಿಥೀನ್ ಕರಗಲ್ಲ. ಆ ದ್ರಾವಣದ ಆವಿ ದೇಹಕ್ಕೆ ಒಳ್ಳೇದಲ್ಲ, ಅಂಗಡಿಯಲ್ಲಿ ಮಾಡೋ ಕೆಲಸ ಅಲ್ಲ ಅದು.

ಅಸಲಿ ಚೀಲ ತಂದವರೂ ಅದನ್ನು ಕಾಪಾಡಬೇಕು. ಒಂದೇ ಸಲ ವರ್ಷಕ್ಕಾಗುವಷ್ಟು ತಂದು ಗೋಡೆಗೆ ತಾಗಿಸಿ ಇಟ್ಟರೆ ಮಳೆಗಾಲದ ತೇವಕ್ಕೆ ಹಿಡಿಕೆ ಸೋಲುತ್ತೆ. ಒಣ ಜಾಗದಲ್ಲಿ, ಬಿಸಿಲು ಬೀಳದ ಕಡೆ ಇಟ್ಟು, ಹಳೇ ಬಂಡಲ್ ಮೊದಲು ಖಾಲಿ ಮಾಡಬೇಕು. ಬಿಸಿ ಬಿಸಿ ಮಿರ್ಚಿ ಭಜಿ, ಸಾಂಬಾರು ಅದಕ್ಕೆ ಹಾಕಬಾರದು.

ತಿಪ್ಪೆಯಲ್ಲಿ ಕರಗುತ್ತಾ?

ಐಎಸ್ 17088 ಮಾನಕ ಹೇಳೋದು ಹೀಗೆ: 58 ಡಿಗ್ರಿ ಹತ್ತಿರದ ಶಾಖದ ಗೊಬ್ಬರದಲ್ಲಿ ಇಟ್ಟರೆ ಹೆಚ್ಚೆಂದರೆ 180 ದಿನದಲ್ಲಿ ಅದರ ಇಂಗಾಲದ ನೂರಕ್ಕೆ 90 ಪಾಲು ಅನಿಲವಾಗಿ ಹೋಗಬೇಕು. ಈ 58 ಡಿಗ್ರಿ ಅನ್ನೋದನ್ನು ಗಮನಿಸಿ. ಸಗಣಿ, ಹುಲ್ಲು, ಎಲೆ ಸರಿಯಾಗಿ ಒಟ್ಟಿದ ದೊಡ್ಡ ತಿಪ್ಪೆಯ ಒಡಲಲ್ಲಿ ಅಷ್ಟು ಕಾವು ಬರುತ್ತೆ, ಚಳಿಗಾಲದ ಬೆಳಿಗ್ಗೆ ಕೆದರಿದರೆ ಹಬೆ ಏಳೋದನ್ನು ನೋಡಿರ್ತೀರಿ. ಅಂಥ ತಿಪ್ಪೆಯ ಒಳಗೆ ಹುಗಿದರೆ ಅಸಲಿ ಚೀಲ ಕರಗುತ್ತೆ. ಗಟಾರಕ್ಕೆ, ಕೆರೆ ದಂಡೆಗೆ, ರಸ್ತೆ ಬದಿಗೆ ಒಗೆದರೆ ಅಲ್ಲಿ ಆ ಕಾವು ಇಲ್ಲ, ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತೆ. ದನದ ಹೊಟ್ಟೆಗೆ ಹೋದರೂ ಕರಗಿ ಹೋಗುತ್ತೆ ಅಂತ ಅಂದುಕೊಳ್ಳಬೇಡಿ, ಅಲ್ಲೂ ಅಷ್ಟು ಶಾಖ ಇರಲ್ಲ.

ರೈತರು ಕೇಳುವ ಇನ್ನೊಂದು ಮಾತಿದೆ, ಈ ಚೀಲ ಹೆಚ್ಚಾದರೆ ನಮ್ಮ ಗೋವಿನಜೋಳಕ್ಕೆ ರೇಟ್ ಬರುತ್ತಾ ಅಂತ. ಒಂದು ಕ್ವಿಂಟಲ್ಲಿಗೆ 60 ಕೆಜಿ ಪಿಷ್ಟ. ಹತ್ತು ಗ್ರಾಂ ತೂಕದ ಚೀಲದಲ್ಲಿ ನಾಲ್ಕು ಗ್ರಾಂ ಪಿಷ್ಟ ಅಂತ ಹಿಡಿದರೆ, ಒಂದು ಕ್ವಿಂಟಲ್ ಜೋಳಕ್ಕೆ 15 ಸಾವಿರ ಚೀಲ ಆಗುತ್ತೆ. ಲಕ್ಷ ಚೀಲಕ್ಕೆ ಏಳು ಕ್ವಿಂಟಲ್ಲೂ ಬೇಡ. 2025-26ಕ್ಕೆ ಕೇಂದ್ರ ಘೋಷಿಸಿದ 2,400 ರೂಪಾಯಿ ಬೆಂಬಲ ಬೆಲೆಯನ್ನು ಚೀಲದ ಬೇಡಿಕೆ ಎತ್ತಿ ಹಿಡಿಯುತ್ತೆ ಅನ್ನೋದು ನನಗಂತೂ ನಂಬಿಕೆ ಬರಲ್ಲ. ಕೋಳಿ ಆಹಾರ, ಇಥೆನಾಲ್, ಉಳಿದ ಪಿಷ್ಟದ ಬಳಕೆ, ರೇಟ್ ನಿರ್ಧಾರ ಆಗೋದು ಅಲ್ಲೇ.

ಮತ್ತೆ ಆ ಕಿರಾಣಿ ಅಂಗಡಿಗೆ ಹೋದೆ. ಹರಿದ ಚೀಲದ ಬಂಡಲ್ ಇನ್ನೂ ಗಲ್ಲೆ ಕೆಳಗೆ ಇತ್ತು. ಇಬ್ಬರೂ ಕೂತು ನೋಡಿದೆವು. ಎಲೆ ಚಿತ್ರ ಇದೆ, ಇಂಗ್ಲಿಷಿನಲ್ಲಿ ಭೂಮಿ ಉಳಿಸಿ ಅನ್ನೋ ಮಾತಿದೆ, ತಯಾರಕರ ಹೆಸರಿಲ್ಲ, ಸರ್ಟಿಫಿಕೇಟ್ ಸಂಖ್ಯೆ ಇಲ್ಲ. ಸ್ಟೀಲ್ ಲೋಟದಲ್ಲಿ ನೀರು ತರಿಸಿ, ಒಂದು ತುಂಡು ಕತ್ತರಿಸಿ, ಗುಳ್ಳೆ ಬಿಡಿಸಿ ತಳಕ್ಕೆ ಒತ್ತಿ ಬಿಟ್ಟೆ. ಮೂರು ಸಲ ಮಾಡಿದರೂ ಮೂರು ಸಲವೂ ಮೇಲೆ ಬಂತು.

"ಹಂಗಾದ್ರ ಇದು ಪ್ಲಾಸ್ಟಿಕ್ಕ ಅನ್ನು" ಅಂದರು. ಹೌದು ಕಾಕಾ, ಅಂದೆ. ಬಂಡಲನ್ನು ವಾಪಸ್ ಕಟ್ಟಿ ಪಕ್ಕಕ್ಕೆ ಇಟ್ಟರು, ಮುಂದಿನ ಸಲ ಹುಬ್ಬಳ್ಳಿಗೆ ಮಾಲು ತರೋಕೆ ಹೋದಾಗ ಕೊಟ್ಟು ಬರ್ತಾರಂತೆ. ಅಲ್ಲಿವರೆಗೆ ಬೇಳೆ, ಸಕ್ಕರೆ ಹಳೇ ಪೇಪರಿನ ಪೊಟ್ಟಣದಲ್ಲಿ, ಗಿರಾಕಿ ತಂದ ಕೈಚೀಲಕ್ಕೆ.